ಗೊರಕೆ ಹೊಡೀತೀರಾ ಅಂತ ಹಲ್ಲಿನ ಡಾಕ್ಟ್ರು ಕೇಳಿದಾಗ

ಮೊದಲನೇ ಸಲ ಗೊತ್ತಾಗಿದ್ದು ಸೀಬೆಕಾಯಿಯಿಂದ. ಬ್ಯಾಂಕಲ್ಲಿ ಮಧ್ಯಾಹ್ನ ಊಟ ಮುಗಿಸ್ಕೊಂಡು ಗೇಟ್ ಹತ್ರ ತಳ್ಳೋಗಾಡಿಯವನ ಹತ್ರ ಉಪ್ಪುಖಾರ ಹಾಕಿಸ್ಕೊಂಡು ಒಂದು ಸೀಬೆಕಾಯಿ ತಿನ್ನೋದು ನನ್ನ ಹಳೇ ಚಟ. ಅವತ್ತೂ ಹಾಗೇ ಕಚ್ಚಿದೆ, ನೋಡಿದ್ರೆ ಬಿಳೀ ತಿರುಳಿನ ಮೇಲೆ ಹಲ್ಲಿನ ಸಾಲಿಗೆ ಸರಿಯಾಗಿ ಒಂದು ಕೆಂಪು ಗೆರೆ. ಖಾರದಪುಡಿ ಇರ್ಬೇಕು ಅಂದ್ಕೊಂಡೆ. ಖಾರ ಹಚ್ಚದೇ ಇರೋ ಕಡೆ ತಿರುಗಿಸಿ ಕಚ್ಚಿದೆ. ಅಲ್ಲೂ ಅದೇ ಗೆರೆ.

ಬ್ರಷ್ ಮಾಡುವಾಗ ರಕ್ತ ಬರೋದೇನು ನನಗೆ ಹೊಸದಲ್ಲ, ಎರಡು ಮೂರು ವರ್ಷದಿಂದ ಇತ್ತು, ಉಗುಳಿದಾಗ ನೊರೆ ಸ್ವಲ್ಪ ಗುಲಾಬಿ ಇರೋದು ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗ್ಬಿಟ್ಟಿತ್ತು. ಪೇಸ್ಟ್ ಬದಲಾಯಿಸ್ದೆ, ಲವಂಗದ್ದು ತಂದೆ, ಉಪ್ಪಿಂದು ತಂದೆ, ಬ್ರಷ್ಷು ಸಾಫ್ಟ್ ತಗೊಂಡೆ. ಪಕ್ಕದ ಮನೆಯವ್ರು ಉಷ್ಣ ಆಗಿದೆ ಎಳನೀರು ಕುಡೀರಿ ಅಂದ್ರು, ಅದೂ ಆಯ್ತು. ಕೈಗೆ ಹೀಗೆ ದಿನಾ ರಕ್ತ ಬಂದಿದ್ರೆ ಮಾರನೇ ದಿನವೇ ಆಸ್ಪತ್ರೆಗೆ ಓಡ್ತಿದ್ದೆ, ಬಾಯಲ್ಲಿ ಬಂದ್ರೆ ಪೇಸ್ಟ್ ಬದಲಾಯಿಸ್ತಾ ಕೂತೆ, ಯಾಕೆ ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ.

ಸೀಬೆಕಾಯಿ ಆದ ಆ ಶನಿವಾರ ನಮ್ಮ ಬಡಾವಣೆಯಲ್ಲೇ ಇರೋ ಹಲ್ಲಿನ ಡಾಕ್ಟ್ರ ಹತ್ರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ವಸಡಿನ ವಿಷಯದಲ್ಲೇ ಎಂಡಿಎಸ್ ಮಾಡಿದಾಳೆ. ಕೂತ್ಕೊಳ್ಳಿ ಆಂಟಿ ಅಂದ್ಲು. ನನಗೆ 51, ಆಂಟಿ ಅನ್ನೋದು ನ್ಯಾಯವೇ, ಆದ್ರೂ ಸ್ವಲ್ಪ ಚುಚ್ಚಿತು. ಒಂದು ತೆಳ್ಳಗಿನ ಕಡ್ಡಿ ತಗೊಂಡ್ಲು, ತುದೀಲಿ ಮಿಲಿಮೀಟರ್ ಗೆರೆ ಹಾಕಿರುತ್ತೆ, ಅದಕ್ಕೆ ಪ್ರೋಬ್ ಅಂತಾರೆ, ಹಲ್ಲಿಗೂ ವಸಡಿಗೂ ಮಧ್ಯೆ ನಿಧಾನವಾಗಿ ಇಳಿಸಿ ಎಷ್ಟು ಆಳ ಹೋಗುತ್ತೆ ಅಂತ ಅಳೀತಾ ಹೋದ್ಲು, ಒಂದೊಂದು ಹಲ್ಲಿಗೆ ಆರು ಕಡೆ. ಅವಳು ನಂಬರ್ ಕೂಗೋದು, ಪಕ್ಕದಲ್ಲಿ ನಿಂತ ಅಸಿಸ್ಟೆಂಟ್ ಹುಡುಗಿ ಬರ್ಕೊಳ್ಳೋದು. ತ್ರೀ ಟೂ ತ್ರೀ. ತ್ರೀ ತ್ರೀ ಫೋರ್. ಫೈವ್ ಫೋರ್ ಸಿಕ್ಸ್. ಕಿಟ್ಟಿ ಪಾರ್ಟೀಲಿ ಹೌಸಿ ಆಡಿಸಿದ ಹಾಗೆ. ಮೂರರವರೆಗೆ ಇದ್ರೆ ಚಿಂತೆ ಇಲ್ಲ, ನಾಲ್ಕು ದಾಟಿದ್ರೆ ವಸಡು ಹಲ್ಲಿನಿಂದ ಬಿಟ್ಕೊಂಡು ಅಲ್ಲೊಂದು ಜೇಬು ಆಗಿದೆ ಅಂತ ಅರ್ಥ, ಅದಕ್ಕೆ ಪಾಕೆಟ್ ಅಂತಾನೇ ಕರೀತಾರೆ. ಆ ಜೇಬೊಳಗೆ ಬ್ರಷ್ಷಿನ ಎಳೆ ಹೋಗಲ್ಲ, ಕ್ರಿಮಿಗಳು ಮಾತ್ರ ಹೋಗುತ್ವೆ. ನನಗೆ ಹಿಂದಿನ ದವಡೆ ಹಲ್ಲುಗಳ ಹತ್ರ ಆರು, ಒಂದು ಕಡೆ ಏಳು.

ಇಷ್ಟೆಲ್ಲಾ ಆದ್ಮೇಲೆ ಅವಳು ಕೇಳಿದ ಪ್ರಶ್ನೆ ಇದು: "ಆಂಟಿ, ರಾತ್ರಿ ಗೊರಕೆ ಹೊಡೀತೀರಾ?"

ಬಾಯಿ ತುಂಬ ಹತ್ತಿ ತುರುಕಿರೋವಾಗ ಕೋಪ ಮಾಡ್ಕೊಳ್ಳೋದು ಕಷ್ಟ. ತಲೆ ಅಲ್ಲಾಡಿಸಿ ಇಲ್ಲ ಅಂದೆ. ಸುಳ್ಳು.

ಸುಳ್ಳು ಯಾಕೆ ಅಂದ್ರೆ ಅದಕ್ಕೆ ಎಂಟು ತಿಂಗಳ ಹಿಂದೆ ಅರಸೀಕೆರೆಯಲ್ಲಿ ನಮ್ಮ ಅಣ್ಣನ ಮಗನ ಮದುವೆ ನಡೀತು, ಹಿಂದಿನ ರಾತ್ರಿ ಛತ್ರದಲ್ಲಿ ಹೆಂಗಸ್ರಿಗೆ ಅಂತ ಕೊಟ್ಟ ದೊಡ್ಡ ರೂಮಲ್ಲಿ ಜಮಖಾನ ಹಾಸ್ಕೊಂಡು ಹದಿನೈದು ಜನ ಮಲಗಿದ್ವಿ. ಬೆಳಗ್ಗೆ ಐದಕ್ಕೆ ನಾದಸ್ವರದವ್ರು ಬರೋಕ್ಕೆ ಮುಂಚೆ ಎದ್ದು ನೋಡಿದ್ರೆ ನನ್ನ ಸುತ್ತ ಮೂರು ಅಡಿ ಜಾಗ ಖಾಲಿ, ನನ್ನ ಪಕ್ಕ ಮಲಗಿದ್ದೋರೆಲ್ಲ ದಿಂಬು ಎತ್ಕೊಂಡು ಆ ಗೋಡೆಗೆ ಹೋಗಿ ಒತ್ತಿಕೊಂಡಿದಾರೆ. ಕಾಫಿ ಕುಡಿಯೋವಾಗ ಚಿಕ್ಕಮ್ಮ ಎಲ್ಲರ ಮುಂದೆ, "ಏನೇ ಇದು, ರಾತ್ರಿಯೆಲ್ಲಾ ಲಾರಿ ರಿವರ್ಸ್ ತಗೊಂಡ ಹಾಗೆ! ಗಂಡಸ್ರೂ ಇಷ್ಟು ಹೊಡೆಯಲ್ಲ ಕಣೇ" ಅಂದ್ರು. ಅಣ್ಣನ ಮಗಳು ಮೊಬೈಲಲ್ಲಿ ರೆಕಾರ್ಡ್ ಬೇರೆ ಮಾಡಿದ್ಲು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ, ಆಮೇಲೆ ಸೀರೆ ಉಡೋವಾಗ ಬಾತ್‌ರೂಮಲ್ಲಿ ಸ್ವಲ್ಪ ಅತ್ತೆ. ಗಂಡಸು ಗೊರಕೆ ಹೊಡೆದ್ರೆ ಪಾಪ ದಣಿದಿದಾನೆ ಅಂತಾರೆ, ಹೆಂಗಸು ಹೊಡೆದ್ರೆ ಅದು ತಮಾಷೆ.

ಆ ರೆಕಾರ್ಡಿಂಗು ಅವಳು ನನಗೆ ವಾಟ್ಸಾಪಲ್ಲಿ ಕಳಿಸಿದ್ಲು, ನಾನು ಕೇಳ್ದೇ ಇಟ್ಟಿದ್ದೆ. ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬಂದ ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಕೇಳ್ದೆ. ಗೊರಕೆ ಜೋರಾಗೇ ಇದೆ, ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ಆದ್ರೆ ನನ್ನನ್ನ ಹೆದರಿಸಿದ್ದು ಗೊರಕೆ ಅಲ್ಲ. ಮಧ್ಯೆ ಮಧ್ಯೆ ಅದು ಪೂರ್ತಿ ನಿಲ್ಲುತ್ತೆ. ಹಿಂದೆ ಎಲ್ಲೋ ಫ್ಯಾನ್ ತಿರುಗೋ ಸದ್ದು, ಯಾರದ್ದೋ ಬಳೆ ಸದ್ದು, ನನ್ನದು ಏನೂ ಇಲ್ಲ. ನಾನು ಎಣಿಸ್ದೆ, ಇಪ್ಪತ್ತೆರಡು ಸೆಕೆಂಡ್. ಆಮೇಲೆ ಬಾವಿಯಿಂದ ಮೇಲೆ ಬಂದೋರ ಹಾಗೆ ಒಂದು ದೊಡ್ಡ ಉಸಿರು ಎಳ್ಕೊಂಡು ಮತ್ತೆ ಶುರು.

ಇದಕ್ಕೇ ಸ್ಲೀಪ್ ಅಪ್ನಿಯಾ ಅನ್ನೋದು. ನಿದ್ದೇಲಿ ಗಂಟಲಿನ ಸ್ನಾಯುಗಳು ಸಡಿಲ ಆಗುತ್ವೆ, ನಾಲಿಗೆ ಹಿಂದಕ್ಕೆ ಜಾರುತ್ತೆ, ಉಸಿರಿನ ದಾರಿ ಮುಚ್ಕೊಳ್ಳುತ್ತೆ. ಹತ್ತು ಸೆಕೆಂಡಾದ್ರೂ ಉಸಿರು ನಿಂತ್ರೆ ಅದನ್ನ ಒಂದು ಅಂತ ಲೆಕ್ಕ ಹಾಕ್ತಾರೆ, ಪೂರ್ತಿ ನಿಲ್ದೆ ಅರ್ಧಂಬರ್ಧ ಆಗಿ ಆಕ್ಸಿಜನ್ ಇಳಿದ್ರೂ ಲೆಕ್ಕಕ್ಕೆ ಬರುತ್ತೆ. ಗಂಟೆಗೆ ಎಷ್ಟು ಸಲ ಅನ್ನೋದೇ ಎಎಚ್‌ಐ. ಐದರ ಒಳಗಿದ್ರೆ ಸರಿ, ಐದರಿಂದ ಹದಿನೈದು ಸ್ವಲ್ಪ, ಹದಿನೈದರಿಂದ ಮೂವತ್ತು ಮಧ್ಯಮ, ಮೂವತ್ತು ದಾಟಿದ್ರೆ ತೀವ್ರ.

ಮುಂದಿನ ವಾರ ಸ್ಕೇಲಿಂಗಿಗೆ, ಅಂದ್ರೆ ಹಲ್ಲು ಕ್ಲೀನ್ ಮಾಡಿಸೋಕೆ, ಹೋದಾಗ ನಾನೇ ಒಪ್ಕೊಂಡೆ, ಹೊಡೀತೀನಮ್ಮ ಅಂತ. ಅವಳು ನಗಲಿಲ್ಲ. ಹಾಗಾದ್ರೆ ಮೊನ್ನೆ ಹೇಗೆ ಗೊತ್ತಾಯ್ತು ನಿನಗೆ ಅಂದೆ. ಕನ್ನಡಿ ಕೈಗೆ ಕೊಟ್ಟು ತೋರಿಸಿದ್ಲು: ಮೇಲಿನ ಮುಂದಿನ ನಾಲ್ಕು ಹಲ್ಲಿನ ವಸಡು ಮಾತ್ರ ಬೇರೆ ಥರ ಕೆಂಪು, ಊದಿಕೊಂಡು ಹೊಳೀತಿದೆ, ಬಾಯಿ ಬಿಟ್ಕೊಂಡು ಮಲಗೋರಿಗೆ ಗಾಳಿ ನೇರವಾಗಿ ತಗುಲೋ ಜಾಗ ಅದು, ಒಣಗಿ ಒಣಗಿ ಹಾಗಾಗುತ್ತಂತೆ. ಆಮೇಲೆ ನಾಲಿಗೆ ಚಾಚಿ ಅಂದ್ಲು, ನಾಲಿಗೆ ಅಂಚಲ್ಲಿ ಚಕ್ಲಿ ಅಚ್ಚಿನ ಹಾಗೆ ಹಲ್ಲಿನ ಗುರುತು ಸಾಲಾಗಿ ಬಿದ್ದಿದೆ. ಬಾಯಿ ದೊಡ್ಡದಾಗಿ ತೆಗೆಸಿ ಕಿರುನಾಲಗೆ ಕಾಣುತ್ತಾ ನೋಡಿದ್ಲು, ನನ್ನದು ಕಾಣಲೇ ಇಲ್ಲ. ಇದಕ್ಕೆ ಮಲ್ಲಂಪಾಟಿ ಸ್ಕೋರ್ ಅಂತ ಹೆಸರು, ಹೆಸರು ಕೇಳಿದ್ರೇ ಗೊತ್ತಾಗುತ್ತಲ್ಲ ನಮ್ಮ ಪಕ್ಕದ ಆಂಧ್ರದವ್ರದ್ದು ಅಂತ, ಅಮೆರಿಕಕ್ಕೆ ಹೋಗಿದ್ದ ಅನಸ್ತೇಷಿಯಾ ಡಾಕ್ಟ್ರು ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಬರೆದಿದ್ದು. ಅವರು ಮಾಡಿದ್ದು ಆಪರೇಷನ್ ಟೈಮಲ್ಲಿ ಗಂಟಲಿಗೆ ಟ್ಯೂಬ್ ಹಾಕೋದು ಸುಲಭವೋ ಕಷ್ಟವೋ ಅಂತ ಮೊದಲೇ ಅಂದಾಜು ಮಾಡೋಕೆ, ಈಗ ಗೊರಕೆಯವ್ರಿಗೂ ಅದೇ ಉಪಯೋಗಕ್ಕೆ ಬರ್ತಿದೆ.

ಇಷ್ಟು ವರ್ಷ ನಾನು ಬಿಪಿಗೆ ಒಬ್ಬ ಡಾಕ್ಟ್ರ ಹತ್ರ, ಸುಸ್ತಿಗೆ ಅಂತ ಇನ್ನೊಬ್ಬರ ಹತ್ರ, ಥೈರಾಯ್ಡ್ ಟೆಸ್ಟಿಗೆ ಮತ್ತೊಂದು ಕಡೆ ಓಡಾಡಿದೀನಿ, ಒಬ್ಬರೂ ನಿಮಗೆ ನಿದ್ದೆ ಹೇಗೆ ಬರುತ್ತೆ ಅಂತ ಕೇಳಿರಲಿಲ್ಲ. ತಪ್ಪು ಅವರದ್ದು ಮಾತ್ರ ಅಲ್ಲ, ನಾನೂ ಹೇಳಿರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ತಲೆನೋವು, ಮಧ್ಯಾಹ್ನ ಮೂರಕ್ಕೆ ಕ್ಯಾಶ್ ಎಣಿಸೋವಾಗ ಕಣ್ಣು ಎಳೆಯೋದು, ಸುಮ್ಮಸುಮ್ಮನೆ ಮಗನ ಮೇಲೆ ರೇಗೋದು, ಇದೆಲ್ಲಾ ಮುಟ್ಟು ನಿಂತ ಮೇಲೆ ಆಗೋದೇ ಅಂತ ಅಂದ್ಕೊಂಡಿದ್ದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅಪ್ನಿಯಾ ಜಾಸ್ತಿ ಆಗುತ್ತೆ ಅನ್ನೋದು ನಿಜ, ಅದೇ ವಯಸ್ಸಲ್ಲಿ ಬಾಯಿ ಒಣಗೋದು ವಸಡು ನಾಜೂಕಾಗೋದೂ ನಿಜ, ಆದ್ರೆ ವಯಸ್ಸು ಅಂತ ಒಂದು ಪದ ಹೇಳ್ಬಿಟ್ರೆ ಮುಂದೆ ಯಾರೂ ಏನೂ ಕೇಳಲ್ಲ ನೋಡಿ, ಆ ಪದದ ಹಿಂದೆ ಎಷ್ಟೊಂದು ಅಡಗ್ಕೊಂಡಿರುತ್ತೆ.

ಸರಿ, ಗೊರಕೆಗೂ ವಸಡಿಗೂ ಏನು ಸಂಬಂಧ. ನನಗೆ ಅರ್ಥ ಆಗಿದ್ದನ್ನ ಹೇಳ್ತೀನಿ, ನಾನು ಡಾಕ್ಟ್ರಲ್ಲ.

ಸುಲಭವಾಗಿ ಕಣ್ಣಿಗೆ ಕಾಣೋದು ಎಂಜಲು. ಎಂಜಲು ಅಂದ್ರೆ ನಮಗೆ ಮೈಲಿಗೆ, ಮುಸುರೆ, ದೂರ ಇಡು ಅನ್ನೋ ವಸ್ತು, ಆದ್ರೆ ಬಾಯಿಗೆ ಅದೇ ಗಂಗೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಬಾಯಲ್ಲಿ ಜೊಲ್ಲು ಉತ್ಪತ್ತಿ ಆಗುತ್ತೆ, ಅದು ಅನ್ನದಗಳು ತೊಳೆಯುತ್ತೆ, ಹುಳಿ ಕಡಿಮೆ ಮಾಡುತ್ತೆ, ಅದರಲ್ಲಿ ಕ್ರಿಮಿ ಹೊಡೆಯೋ ಪದಾರ್ಥಗಳೂ ಇವೆ. ಎಲ್ಲರಿಗೂ ನಿದ್ದೇಲಿ ಇದು ತೀರಾ ಕಡಿಮೆ ಆಗುತ್ತೆ, ಅದಕ್ಕೇ ರಾತ್ರಿ ಹಲ್ಲುಜ್ಜಿ ಮಲಗಿ ಅನ್ನೋದು. ಇದರ ಮೇಲೆ ಮೂಗು ಕಟ್ಟಿ ಗಂಟಲು ಮುಚ್ಚಿ ಬಾಯಿ ಬಿಟ್ಕೊಂಡು ಉಸಿರಾಡಿದ್ರೆ ಇದ್ದಬದ್ದ ಪಸೆಯೂ ಆರಿಹೋಗುತ್ತೆ, ಬೆಳಗ್ಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತೆ. ಆರೇಳು ಗಂಟೆ ತೊಳೆಯೋರಿಲ್ಲದ ಸಿಂಕಿನ ಹಾಗೆ. ನನ್ನ ಮಂಚದ ಪಕ್ಕ ಹತ್ತು ವರ್ಷದಿಂದ ಒಂದು ತಾಮ್ರದ ತಂಬಿಗೆ ಇದೆ, ರಾತ್ರಿ ಎರಡು ಮೂರು ಸಲ ಎದ್ದು ಕುಡೀತಿದ್ದೆ, ತಾಮ್ರದ ನೀರು ಒಳ್ಳೇದು ಅಂತ ಎಲ್ಲರಿಗೂ ಉಪದೇಶ ಬೇರೆ ಮಾಡ್ತಿದ್ದೆ. ಬಾಯಿ ಯಾಕೆ ಅಷ್ಟು ಒಣಗುತ್ತೆ ಅಂತ ಮಾತ್ರ ಒಂದು ದಿನ ಯೋಚನೆ ಮಾಡಲಿಲ್ಲ.

ಎರಡನೇದು ಕಣ್ಣಿಗೆ ಕಾಣಲ್ಲ. ರಾತ್ರಿಯೆಲ್ಲಾ ಆಕ್ಸಿಜನ್ ಇಳಿಯೋದು ಏರೋದು ಇಳಿಯೋದು ಏರೋದು ಆದ್ರೆ ಮೈ ಅದನ್ನ ಒಂದು ಆಪತ್ತು ಅಂತಾನೇ ತಿಳ್ಕೊಳ್ಳುತ್ತೆ, ರಕ್ತದಲ್ಲಿ ಉರಿಯೂತದ ಗುರುತುಗಳು, ಸಿಆರ್‌ಪಿ ಅಂತ ಕೋವಿಡ್ ಟೈಮಲ್ಲಿ ಎಲ್ಲರ ಬಾಯಲ್ಲೂ ಓಡಾಡ್ತಿತ್ತಲ್ಲ ಅದು, ಅಂಥವು ಏರುತ್ವೆ. ವಸಡು ರೋಗವೂ ಮೂಲದಲ್ಲಿ ಉರಿಯೂತವೇ. ಹಲ್ಲಿನ ಸುತ್ತ ಇರೋ ಮೂಳೆಯನ್ನ ಕ್ರಿಮಿಗಳೇ ನೇರವಾಗಿ ಕರಗಿಸೋದಲ್ಲವಂತೆ, ಕ್ರಿಮಿ ಓಡಿಸೋಕೆ ಹೋದ ನಮ್ಮದೇ ಸೈನ್ಯ ಹತೋಟಿ ತಪ್ಪಿ ನಮ್ಮದೇ ಗೋಡೆ ಕೆಡವೋದು. ಇದು ನನಗೆ ಹೊಸ ವಿಷಯ. ಹಾಗಾದ್ರೆ ಮೈಯಲ್ಲಿ ಮೊದಲೇ ಉರಿ ಇದ್ದೋರಿಗೆ ಬಾಯಲ್ಲಿ ಹೊತ್ಕೊಳ್ಳೋದು ಬೇಗ, ಬಾಯಲ್ಲಿ ಉರಿ ಇದ್ದೋರಿಗೆ ಅದು ರಕ್ತಕ್ಕೆ ಸೇರೋದೂ ಇದೆ.

ಓದ್ತಾ ಹೋದ್ರೆ ಸ್ಟಡಿಗಳೂ ಸಿಕ್ಕವು. 2009ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅಪ್ನಿಯಾ ಇರೋ 66 ಜನರ ಬಾಯಿ ಪರೀಕ್ಷೆ ಮಾಡಿದ್ರು, ಮುಕ್ಕಾಲು ಪಾಲಿಗಿಂತ ಜಾಸ್ತಿ ಜನಕ್ಕೆ ವಸಡು ರೋಗ ಇತ್ತು. ಚಿಕ್ಕ ಸ್ಟಡಿ, ಆದ್ರೆ ಅಲ್ಲಿಂದ ಎಲ್ಲರ ಕಿವಿ ನೆಟ್ಟಗಾಯ್ತು. 2013ರಲ್ಲಿ ಕೊರಿಯಾದಲ್ಲಿ 687 ಜನರನ್ನ ನೋಡಿದಾಗ ಅಪ್ನಿಯಾ ಇರೋರಿಗೆ ವಸಡು ರೋಗದ ಸಂಭವ ಇಲ್ಲದೋರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಅಂತ ಬಂತು. ಆದ್ರೆ 2015ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಸ್ಟಡೀಲಿ ಹಲ್ಲಿನ ಮೇಲಿನ ಪಾಚಿಗೂ ಅಪ್ನಿಯಾದ ತೀವ್ರತೆಗೂ ನಂಟು ಕಾಣ್ತು, ವಸಡು ರೋಗಕ್ಕೆ ಮಾತ್ರ ಅಷ್ಟು ಖಚಿತವಾಗಿ ಕಾಣಲಿಲ್ಲ. ಅಂದ್ರೆ ಎರಡೂ ಒಟ್ಟಿಗೆ ಓಡಾಡೋದು ನಿಜ, ಒಂದರಿಂದಲೇ ಇನ್ನೊಂದು ಬಂತು ಅಂತ ಯಾರೂ ಸಾಬೀತು ಮಾಡಿಲ್ಲ. ಒಂದೇ ಸೀಟಲ್ಲಿ ಕೂತು ಬರೋರೆಲ್ಲ ಗಂಡ ಹೆಂಡ್ತಿ ಅಲ್ಲವಲ್ಲ, ಒಂದೇ ಊರಿಗೆ ಟಿಕೆಟ್ ತಗೊಂಡಿರಬಹುದು ಅಷ್ಟೇ. ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಇವೆಲ್ಲಾ ಎರಡು ಕಾಯಿಲೆಗೂ ದಾರಿ ಮಾಡಿಕೊಡುತ್ವೆ. ಯೂಟ್ಯೂಬಲ್ಲಿ ಹಲ್ಲು ಕ್ಲೀನ್ ಮಾಡಿಸಿದ್ರೆ ಗೊರಕೆ ಹೋಗುತ್ತೆ ಅಂತ ಒಬ್ಬ ಹೇಳ್ತಾ ಇದ್ದ. ಹೋಗಲ್ಲ. ನಾನು ಕ್ಲೀನ್ ಮಾಡಿಸಿದೀನಿ, ಗೊರಕೆ ಹಾಗೇ ಇತ್ತು, ಕೇಳೋಕೆ ನಮ್ಮನೆಯವರು ಸಾಕ್ಷಿ.

ಸಕ್ಕರೆ ಕಾಯಿಲೆ ವಿಷಯದಲ್ಲಿ ಮಾತ್ರ ಕೊಡುಕೊಳ್ಳುವಿಕೆ ಸ್ಪಷ್ಟವಾಗಿದೆ. ಶುಗರ್ ಇದ್ರೆ ವಸಡು ಬೇಗ ಹಾಳಾಗುತ್ತೆ, ವಸಡಿಗೆ ಸರಿಯಾಗಿ ಟ್ರೀಟ್‌ಮೆಂಟ್ ಕೊಟ್ರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟು, ಸುಮಾರು 0.4ರಷ್ಟು ಇಳಿಯುತ್ತೆ ಅಂತ 2022ರ ಕಾಕ್ರೇನ್ ವಿಮರ್ಶೇಲಿ, ಅಂದ್ರೆ ಹಲವು ಸ್ಟಡಿಗಳನ್ನ ಒಟ್ಟಿಗೆ ತೂಗಿ ನೋಡಿದ ವರದೀಲಿ, ಇದೆ. ಒಂದು ಮಾತ್ರೆ ಮಾಡೋ ಕೆಲಸದ ಹತ್ತಿರ ಹತ್ತಿರ ಅದು. ನಂದು 6.1, ಗಡೀಲಿ ನಿಂತಿರೋಳು, ಹಾಗಾಗಿ ಆ ಸಾಲು ಎರಡು ಸಲ ಓದ್ದೆ.

ಇನ್ನೊಂದು ಕೊಂಡಿ ಇದೆ, ಇದನ್ನ ಯಾರೂ ಹೇಳಲ್ಲ. ಅಪ್ನಿಯಾ ಇದ್ದೋರಿಗೆ ಬಿಪಿ ಏರೋದು ಸಾಮಾನ್ಯ. ಬಿಪಿಗೆ ನಮ್ಮಲ್ಲಿ ಅತಿ ಹೆಚ್ಚು ಬರೆಯೋ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಒಂದು. ಆ ಮಾತ್ರೆ ಕೆಲವರಿಗೆ, ಎಲ್ಲರಿಗಲ್ಲ, ವಸಡು ದಪ್ಪ ಮಾಡುತ್ತೆ, ಹಲ್ಲಿನ ಮೇಲೆ ಬೆಳ್ಕೊಂಡು ಬರೋ ಹಾಗೆ. ಅಲ್ಲಿ ಪಾಚಿ ಕೂರುತ್ತೆ. ಅಲರ್ಜಿಗೆ ಅಂತ ರಾತ್ರಿ ನುಂಗೋ ಸೆಟ್ರಿಜಿನ್ ಬಾಯಿ ಒಣಗಿಸುತ್ತೆ. ನನ್ನ ಪರ್ಸಲ್ಲಿ ಎರಡೂ ಇದ್ವು. ಡಾಕ್ಟ್ರಮ್ಮ ನನ್ನ ಮಾತ್ರೆ ಪಟ್ಟಿ ಬರ್ಕೊಂಡು ಬಿಪಿ ಡಾಕ್ಟ್ರಿಗೆ ಒಂದು ಚೀಟಿ ಬರ್ಕೊಟ್ಲು, ಅವರು ಮಾತ್ರೆ ಬದಲಾಯಿಸಿದ್ರು. ನೀವು ಇದನ್ನ ಓದಿ ಇವತ್ತೇ ಬಿಪಿ ಮಾತ್ರೆ ನಿಲ್ಲಿಸೋ ಸಾಹಸ ಮಾಡ್ಬೇಡಿ ಮತ್ತೆ, ಕೇಳಿ ಮಾಡಿ.

ಸ್ಕೇಲಿಂಗ್ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮ ಅತ್ತೆ ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ, ಬೇಡಮ್ಮ ಅಂತ ಎರಡು ಸಲ ಫೋನ್ ಮಾಡಿದ್ರು. ನನಗೂ ಆ ಭಯ ಇತ್ತು. ನಿಜ ಏನಂದ್ರೆ ವರ್ಷಾನುಗಟ್ಟಲೆ ಕೂತ ಪಾಚಿ ಗಟ್ಟಿಯಾಗಿ ಗಾರೆ ಥರ ಆಗಿರುತ್ತೆ, ಒಳಗೆ ಮೂಳೆ ಕರಗಿ ಹಲ್ಲು ಆಗಲೇ ಸಡಿಲ ಆಗಿರುತ್ತೆ, ಆ ಗಾರೆಯೇ ಅಕ್ಕಪಕ್ಕದ ಹಲ್ಲುಗಳನ್ನ ಹಿಡ್ಕೊಂಡಿರುತ್ತೆ, ತೆಗೆದಾಗ ಸತ್ಯ ಗೊತ್ತಾಗುತ್ತೆ ಅಷ್ಟೇ. ನನಗೆ ಬರೀ ಮೇಲ್ಮೇಲೆ ಕ್ಲೀನ್ ಮಾಡಿದ್ದು ಒಂದು ದಿನ, ಆಮೇಲೆ ಆಳವಾದ ಪಾಕೆಟ್ ಇರೋ ಕಡೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬೇರಿನ ಮೇಲೆಲ್ಲಾ ಕೆರೆದು ನುಣುಪು ಮಾಡಿದ್ದು ಎರಡು ದಿನ, ರೂಟ್ ಪ್ಲೇನಿಂಗ್ ಅಂತಾರೆ. ತಟ್ಟೇಲಿ ಬಿದ್ದಿದ್ದ ಒಂದು ಚೂರನ್ನ ಅವಳು ತೋರಿಸಿದ್ಲು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಕಂದು ಬಣ್ಣ, ಗಚ್ಚಿನ ಹಾಗೆ ಗಟ್ಟಿ. ಇದು ನನ್ನ ಬಾಯಲ್ಲಿತ್ತಾ ಅಂತ ನಾಚಿಕೆ ಆಯ್ತು. ಹಿಂದಿನ ಒಂದು ದವಡೆ ಹಲ್ಲು ಉಳಿಯಲಿಲ್ಲ, ಕೀಳಿಸ್ದೆ.

ಇನ್ನು ಗೊರಕೆ ಕಡೆ. ಮನೇಲೇ ಒಂದು ರಾತ್ರಿ ಮಾಡೋ ಸ್ಲೀಪ್ ಟೆಸ್ಟ್ ಇದೆ, ಹುಡುಗ ಬಂದು ಎದೆಗೆ ಬೆಲ್ಟು, ಮೂಗಿಗೆ ಪೈಪು, ಬೆರಳಿಗೆ ಕ್ಲಿಪ್ಪು ಹಾಕಿ ಹೋದ. ನಮ್ಮನೆಯವರು ನೋಡಿ ರಾಕೆಟ್ಟಿಗೆ ಹತ್ತೋಳ ಹಾಗಿದೀಯ ಅಂದ್ರು. ಇದೆಲ್ಲಾ ಹಾಕ್ಕೊಂಡು ನಿದ್ದೆ ಎಲ್ಲಿ ಬರುತ್ತೆ ಅಂದ್ಕೊಂಡೆ, ಬಂತು, ಚೆನ್ನಾಗೇ ಬಂತು. ರಿಪೋರ್ಟಲ್ಲಿ ಎಎಚ್‌ಐ 27, ಆಕ್ಸಿಜನ್ ಅತಿ ಕೆಳಗೆ ಹೋಗಿದ್ದು 79. ಕೋವಿಡ್ ಟೈಮಲ್ಲಿ ಅಪ್ಪನ ಬೆರಳಿಗೆ ಆ ಕ್ಲಿಪ್ ಹಾಕಿ 92 ಬಂದ್ರೆ ಕೈಕಾಲು ನಡುಗಿ ಆಂಬುಲೆನ್ಸ್ ಹುಡುಕಿದ್ದೆ ನಾನು. ನಂದು 79, ಎಷ್ಟು ವರ್ಷದಿಂದಲೋ, ಅದೂ ಹಾಯಾಗಿ ಮಲಗಿದಾಳೆ ಅಂತ ಎಲ್ಲರೂ ಅಂದ್ಕೊಂಡಿರೋವಾಗ. ಗಂಟೆಗೆ 27 ಅಂದ್ರೆ ಆರು ಗಂಟೆ ನಿದ್ದೇಲಿ 162 ಸಲ. ಬ್ಯಾಂಕಿನೋಳು ನಾನು, ಲೆಕ್ಕ ಹಾಕದೇ ಇರೋಕಾಗಲ್ಲ.

ರಿಪೋರ್ಟ್ ನೋಡಿದೋರು ಸಿಪ್ಯಾಪ್ ಮಷೀನ್ ಹಾಕಿ ಅಂದ್ರು. ಗಾಳಿಯನ್ನ ಸಣ್ಣ ಒತ್ತಡದಲ್ಲಿ ಮೂಗಿಗೆ ಊದಿ ಗಂಟಲು ಮುಚ್ಚದ ಹಾಗೆ ತೆರೆದಿಡುತ್ತೆ, ಅಷ್ಟೇ ಅದರ ಕೆಲಸ. 1981ರಲ್ಲಿ ಕಾಲಿನ್ ಸಲಿವನ್ ಅನ್ನೋ ಡಾಕ್ಟ್ರು ವ್ಯಾಕ್ಯೂಮ್ ಕ್ಲೀನರ್ ಮೋಟರನ್ನ ಉಲ್ಟಾ ಮಾಡಿ ಇಂಥದ್ದೊಂದು ಮಾಡಿದ್ರಂತೆ, ಅದೂ ಸಿಡ್ನಿಯಲ್ಲೇ. ಬೆಲೆ ಕೇಳಿ ನನಗೆ ಇನ್ನೊಂದು ಸಲ ಉಸಿರು ನಿಂತ ಹಾಗಾಯ್ತು. ಮಾಸ್ಕ್ ಹಾಕ್ಕೊಳ್ಳೋಕೆ ಮನಸ್ಸಿರಲಿಲ್ಲ, ಹಲ್ಲಿನ ಡಾಕ್ಟ್ರೇ ಮಾಡಿಕೊಡೋ ಒಂದು ಕ್ಲಿಪ್ಪಿನಂಥದ್ದೂ ಇದೆ ಅಂತ ಓದಿದ್ದೆ, ರಾತ್ರಿ ಬಾಯಿಗೆ ಹಾಕ್ಕೊಂಡ್ರೆ ಕೆಳದವಡೆನ ಸ್ವಲ್ಪ ಮುಂದಕ್ಕೆ ಎಳೆದು ಹಿಡಿಯುತ್ತೆ, ನಾಲಿಗೆ ಹಿಂದೆ ಬೀಳಲ್ಲ, ಕಡಿಮೆ ಮತ್ತು ಮಧ್ಯಮ ಅಪ್ನಿಯಾ ಇರೋರಿಗೆ ಅದೂ ಒಂದು ದಾರಿ. ಓಡಿ ಹೋಗಿ ಅದನ್ನೇ ಮಾಡಿಕೊಡಮ್ಮ ಅಂದೆ. ಅವಳು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ಹೇಳಿದ್ಲು, "ಆಂಟಿ, ಅದು ರಾತ್ರಿಯೆಲ್ಲಾ ದವಡೆಯ ಭಾರನೆಲ್ಲಾ ಹಲ್ಲಿನ ಮೇಲೆ ಹಾಕುತ್ತೆ. ನಿಮ್ಮ ಹಲ್ಲಿಗೆ ಈಗ ಆ ಶಕ್ತಿ ಇಲ್ಲ. ವಸಡು ಸುಧಾರಿಸ್ಲಿ, ಆಮೇಲೆ ನೋಡೋಣ."

ಆವಾಗ ನನಗೆ ನಿಜವಾಗಿ ಹೊಳೆದಿದ್ದು. ಸ್ಟಡಿ ಗಿಡಿ ಎಲ್ಲಾ ಒಂದು ಕಡೆ ಇರ್ಲಿ, ವಸಡನ್ನ ಅಸಡ್ಡೆ ಮಾಡಿದ್ದಕ್ಕೆ ಉಸಿರಿನ ಒಂದು ಔಷಧಿ ನನ್ನ ಕೈ ತಪ್ಪಿತು. ಇದಕ್ಕಿಂತ ನೇರವಾದ ಸಂಬಂಧ ಯಾವುದು ಬೇಕು.

ಅಮ್ಮನ ನೆನಪಾಯ್ತು. ಅಮ್ಮ ಎಲೆ ಅಡಿಕೆ ಕಡ್ಡಿಪುಡಿ ಹಾಕ್ತಿದ್ರು, 55ಕ್ಕೆಲ್ಲಾ ಹಲ್ಲು ಒಂದೊಂದೇ ಅಲ್ಲಾಡಿ ಬಿದ್ದು ಪೂರ್ತಿ ಸೆಟ್ಟು ಹಾಕಿಸ್ಕೊಂಡ್ರು, ರಾತ್ರಿ ಅದನ್ನ ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಕಿಟಕಿ ಮೇಲಿಡ್ತಿದ್ರು. ಅವರ ಗೊರಕೆ ಹಜಾರಕ್ಕೆ ಕೇಳ್ತಿತ್ತು, ಕೂತಲ್ಲೇ ತೂಕಡಿಸೋರು, ಹೂ ಕಟ್ಟೋವಾಗ ದಾರ ಕೈಯಲ್ಲೇ ಇರೋದು ತಲೆ ಎದೆ ಮೇಲೆ ಬಿದ್ದಿರೋದು. ಬಿಪಿ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ದೇಹ ಪ್ರಕೃತಿ, ವಾಯು ಅಂತ ಮಾತಾಡ್ಕೋತಿದ್ವಿ. ಹಲ್ಲು ಅದಕ್ಕೊಂದು ದಾರಿ, ಗೊರಕೆ ಅದಕ್ಕೊಂದು ದಾರಿ, ಬಿಪಿ ಅದಕ್ಕೊಂದು ದಾರಿ ಅಂತಾನೇ ತಿಳ್ಕೊಂಡಿದ್ವಿ.

ಕೊನೆಗೆ ಮಷೀನ್ ತಗೊಂಡೆ, ಕಂತಲ್ಲಿ. ಮೊದಲ ಎರಡು ವಾರ ನರಕ, ಮುಚ್ಚುಮರೆ ಇಲ್ಲ. ಮೂಗಿಗೆ ಗಾಳಿ ಊದುತ್ತೆ, ನಂದು ಬಾಯಿ ಬಿಡೋ ಅಭ್ಯಾಸ, ಬಾಯಿಂದ ಗಾಳಿ ಹೊರಗೆ ಬರುತ್ತೆ, ಬೆಳಗ್ಗೆ ಎದ್ರೆ ಬಾಯಿ ಮೊದಲಿಗಿಂತ ಜಾಸ್ತಿ ಒಣಗಿರುತ್ತೆ, ವಸಡಿಗೆ ಒಳ್ಳೇದಾಗ್ಲಿ ಅಂತ ತಂದಿದ್ದು ವಸಡಿಗೇ ಕಂಟಕ. ಯಾರೂ ಮುಂಚೆ ಹೇಳಿರಲಿಲ್ಲ. ಆಮೇಲೆ ಮಷೀನಿನ ಜೊತೆ ಬರೋ ನೀರಿನ ಡಬ್ಬಿ, ಹ್ಯುಮಿಡಿಫೈಯರ್, ಅದನ್ನ ಸರಿಯಾಗಿ ಹಾಕಿ ಗಾಳಿ ತೇವ ಮಾಡಿಕೊಂಡ ಮೇಲೆ, ಮೂಗಿನ ಮಾಸ್ಕ್ ಬಿಟ್ಟು ಬಾಯಿ ಮೂಗು ಎರಡೂ ಮುಚ್ಚೋದು ತಗೊಂಡ ಮೇಲೆ ಸರಿ ಹೋಯ್ತು. ಡಬ್ಬಿಗೆ ನಲ್ಲಿ ನೀರು ಹಾಕಬಾರದು, ಸುಣ್ಣ ಕಟ್ಕೊಳ್ಳುತ್ತೆ, ಡಿಸ್ಟಿಲ್ಡ್ ವಾಟರ್ ಹಾಕ್ಬೇಕು. ಮಾಸ್ಕನ್ನ ದಿನಾ ತೊಳೀಬೇಕು. ಅಂದ್ರೆ ಈಗ ರಾತ್ರಿ ನನ್ನ ಕಾರ್ಯಕ್ರಮ ನೋಡಿ: ಬ್ರಷ್ಷು, ಹಲ್ಲಿನ ಸಂದಿಗೆ ಪುಟಾಣಿ ಬಾಟಲಿ ಬ್ರಷ್ ಥರದ್ದು ಬರುತ್ತಲ್ಲ ಅದು, ಆಮೇಲೆ ಡಬ್ಬಿಗೆ ನೀರು, ಮಾಸ್ಕು, ಪಟ್ಟಿ ಬಿಗಿ ಮಾಡೋದು, ಸ್ವಿಚ್ಚು. ದೇವರ ಮನೆ ಪೂಜೆಗೂ ಇಷ್ಟು ಹೊತ್ತು ಹಿಡಿಯಲ್ಲ. ಕರೆಂಟ್ ಹೋದ್ರೆ ಮುಗೀತು, ಯುಪಿಎಸ್ ಲೈನಿಗೆ ಕೊಟ್ಟಿದೀವಿ. ಹೊಳೆನರಸೀಪುರದ ಹತ್ರ ಅತ್ತೆ ಊರಿಗೆ ಮೊದಲ ಸಲ ಒಯ್ದಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಏನಮ್ಮ ಗಣಪನ ಸೊಂಡ್ಲು ಹಾಕ್ಕೊಂಡಿದೀಯ" ಅಂದ್ರು, ಆಮೇಲೆ ಪಾಪ ಅಂತ ಅವರೇ ಬಂದು ವೈರ್ ಕಾಲಿಗೆ ಸಿಗದ ಹಾಗೆ ಮಂಚದ ಕೆಳಗೆ ಸರಿಸಿದ್ರು.

ನಾಲ್ಕು ತಿಂಗಳ ಮೇಲೆ ಮತ್ತೆ ಆ ಕಡ್ಡಿ ಹಿಡಿದು ಅಳೆದ್ಲು. ತ್ರೀ ಟೂ ತ್ರೀ. ತ್ರೀ ತ್ರೀ ತ್ರೀ. ಆರು ಇದ್ದ ಕಡೆ ನಾಲ್ಕು. ಒಂದು ಕಡೆ ಇನ್ನೂ ಐದು ಇದೆ, ಅಲ್ಲಿ ಇನ್ನೊಂದು ಸಲ ಕೆರೀಬೇಕಾಗಬಹುದು. ಮುಂದಿನ ಹಲ್ಲಿನ ವಸಡಿನ ಆ ಹೊಳೆಯೋ ಕೆಂಪು ಇಲ್ಲ. ಇದು ಕ್ಲೀನಿಂಗಿಂದ ಆಗಿದ್ದೋ ಬಾಯಿ ಒಣಗದೇ ಇದ್ದಿದ್ದರಿಂದಲೋ ಮಾತ್ರೆ ಬದಲಾಯಿಸಿದ್ದರಿಂದಲೋ ಅಂತ ಕೇಳ್ದೆ, ಅವಳು ನಕ್ಕು, ಮೂರೂ ಒಟ್ಟಿಗೆ ಮಾಡಿದ ಮೇಲೆ ಯಾವುದಕ್ಕೆ ಪ್ರೈಜ್ ಕೊಡ್ಲಿ ಆಂಟಿ ಅಂದ್ಲು. ಕರಗಿದ ಮೂಳೆ ವಾಪಸ್ ಬಂದಿಲ್ಲ, ಬರೋದೂ ಇಲ್ಲ, ಇರೋದನ್ನ ಉಳಿಸ್ಕೊಳ್ಳೋದು. ಮಂಚದ ಪಕ್ಕದ ತಂಬಿಗೇಲಿ ಬೆಳಗ್ಗೆ ನೋಡಿದ್ರೆ ನೀರು ಹಾಗೇ ಇರುತ್ತೆ, ಗಿಡಕ್ಕೆ ಹಾಕ್ತೀನಿ.

ಹೋದ ತಿಂಗಳು ತಿಪಟೂರಲ್ಲಿ ಇನ್ನೊಂದು ಮದುವೆ. ಛತ್ರದ ರೂಮಿಗೆ ಹೋದ ತಕ್ಷಣ ನಾನು ನೋಡಿದ್ದು ಪ್ಲಗ್ ಪಾಯಿಂಟ್ ಎಲ್ಲಿದೆ ಅಂತ. ಇದ್ದಿದ್ದೇ ಎರಡು, ಅದಕ್ಕೆ ಆಗಲೇ ಏಳು ಮೊಬೈಲ್ ಚಾರ್ಜರ್ ಸರದಿ. ಅಣ್ಣನ ಮಗಳ ಜೊತೆ ಜಗಳ ಆಡಿ ಒಂದು ಗಿಟ್ಟಿಸ್ದೆ, "ಅತ್ತೆ, ರೆಕಾರ್ಡ್ ಮಾಡೋಕೆ ನನ್ನ ಫೋನಲ್ಲಿ ಚಾರ್ಜ್ ಬೇಡ್ವಾ" ಅಂತ ರೇಗಿಸಿದ್ಲು. ಮಾಸ್ಕ್ ಪಟ್ಟಿ ಬಿಗಿ ಮಾಡ್ತಿದ್ದಾಗ ಚಿಕ್ಕಮ್ಮ ಅವರ ಜಮಖಾನ ಎಳ್ಕೊಂಡು ಬಂದು ನನ್ನ ಪಕ್ಕಾನೇ ಹಾಸಿದ್ರು. ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದ್ರು, "ಇದಕ್ಕೆ ಎಷ್ಟಾಯ್ತೇ?" ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಮೊಬೈಲಿನ ಟಾರ್ಚ್ ಹಾಕಿ, ಬಾಯಿ ತೆಗೆದು, ಕೆಳಗಿನ ಮುಂದಿನ ಹಲ್ಲನ್ನ ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ್ರು. "ನಿಮ್ಮ ಹಲ್ಲಿನ ಡಾಕ್ಟ್ರು ಭಾನುವಾರ ಇರ್ತಾಳಾ?"